ಮೂಡಲಗಿಗೆ ಯಾವ ಚೀನೀ ಗ್ರಂಥ?

ಯಾವ ಪುಸ್ತಕದಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ವಿದ್ವಾಂಸನಾದವನು ಮೊದಲು ಕನ್ನಡಕ ಒರೆಸಿಕೊಳ್ಳುತ್ತಾನೆ. ಕೇಳಿದವರಿಗೆ ಏನು ಬೇಕೆಂಬುದು ಆಮೇಲೂ ಅವನಿಗೆ ಕಾಣುವುದಿಲ್ಲ. ನಾನೂ ಒರೆಸಿಕೊಂಡೆ. ದಿಲ್ಲಿಯಲ್ಲಿ ಓದುವಾಗ ಕಲಿತ ಪ್ರಾಚೀನ ಚೀನೀ ಭಾಷೆಯನ್ನು ಗೋಕಾಕದಲ್ಲಿ ಯಾರ ಮೇಲೂ ಪ್ರಯೋಗಿಸಲಾಗದೆ ಬಳಲುತ್ತಿದ್ದ ನನಗೆ ಮೂಡಲಗಿಯ ಶಾಂತಕ್ಕ ದೇವರೇ ಕಳಿಸಿದ ಶಿಷ್ಯೆ. ಬಟ್ಟೆ ಅಂಗಡಿ ನಡೆಸುವ ಈಕೆಗೆ ಮೊಬೈಲಿನಲ್ಲಿ ಹಳೆಯ ಕಾಲದ ಚೀನೀ ಕಥೆಗಳ ಧಾರಾವಾಹಿ ನೋಡುವ ಚಟ.

“ಮಂದಿ ಆಡೂ ಮಾತಿನ ಅರ್ಥ ಕೆಳಗ ಬರತೈತ್ರಿ ಸರ. ಗ್ವಾಡಿ ಮ್ಯಾಲೆ ಬರದದ್ದು ಏನಂತ ಯಾರೂ ಹೇಳಂಗಿಲ್ಲ. ಅದನ್ನ ನಾನ ಓದಬೇಕು.”

ಇಷ್ಟು ಸರಳವಾದ ಆಸೆಯನ್ನು ಜಟಿಲಗೊಳಿಸಲು ಒಬ್ಬ ಪಂಡಿತ ಸಾಲದೆಂದು, ನನ್ನ ಜೊತೆಗೇ ಕಲಿತಿದ್ದ ಹುಕ್ಕೇರಿಯ ಹಿರೇಮಠರನ್ನೂ ಕರೆಸಿದೆ. ರಾಜನೀತಿಯ ಗ್ರಂಥದಿಂದ ಆರಂಭವಾಗಲಿ ಎಂದೆ ನಾನು. ಶೂನ್ಯತತ್ತ್ವದ ಗ್ರಂಥವೇ ಆಗಬೇಕೆಂದರು ಅವರು; ಶೂನ್ಯದ ಪರವಾಗಿ ಅಷ್ಟು ಗದ್ದಲ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಭಾನುವಾರಗಳು ಉರುಳಿದವು. ಶಾಂತಕ್ಕ ಬಸ್ಸಿನಲ್ಲಿ ಬಂದು, ನಮ್ಮ ವಾದ ಕೇಳಿ, ಚಹಾ ಕುಡಿದು, ಒಂದಕ್ಷರವನ್ನೂ ಕಲಿಯದೆ ಹಿಂತಿರುಗುತ್ತಿದ್ದರು.

“ನಿಮ್ಮ ವಾದ ಮುಗಿಯೂದ್ರಾಗ ಚೀನಾದವ್ರ ಕನ್ನಡ ಕಲತಿರತಾರ,” ಎಂದಳು ನನ್ನ ಹೆಂಡತಿ. ಪಂಡಿತರಿಗೆ ಸಹಜವಾದ ಔದಾರ್ಯದಿಂದ ನಾವು ಅವಳನ್ನು ಕ್ಷಮಿಸಿದೆವು.

ಒಂದು ಭಾನುವಾರ ಶಾಂತಕ್ಕ ಬರಲಿಲ್ಲ. ಮರುವಾರವೂ ಇಲ್ಲ. ಶಿಷ್ಯೆಯಿಲ್ಲದ ಗುರುವಿಗಿಂತ ಹಾಸ್ಯಾಸ್ಪದ ಪ್ರಾಣಿ ಇನ್ನೊಂದಿಲ್ಲವಾದ್ದರಿಂದ, ಮನೆಯಲ್ಲಿದ್ದ ಚೀನೀ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮೂಡಲಗಿಯ ಅವರ ಅಂಗಡಿಗೆ ನಾನೇ ಹೋದೆ.

“ಬಿಟ್ಟಬಿಡ್ರಿ ಸರ. ರಾಜ್ಯಾ ಆಳೂದು ನನಗ್ಯಾಕ್ರಿ? ಶೂನ್ಯಾನೂ ಬ್ಯಾಡ. ನಮ್ಮಕ್ಕ ಹೋದಮ್ಯಾಲೆ ಮನಿತುಂಬ ಅದ ಐತಿ.”

ತಾಯಿಯಿಲ್ಲದ ಶಾಂತಕ್ಕನನ್ನು ಘೋಡಗೇರಿಯಲ್ಲಿ ಸಾಕಿ ಬೆಳೆಸಿದ ಅಕ್ಕ ಹೋದ ವರ್ಷ ತೀರಿಕೊಂಡಿದ್ದರಂತೆ. ಮಾನವಜೀವನದ ಸಮಸ್ತ ರಹಸ್ಯಗಳನ್ನು ಚರ್ಚಿಸಿದ ನಾವಿಬ್ಬರು ಎದುರಿಗೆ ಕುಳಿತವರ ಮನೆಯಲ್ಲಿ ಯಾರಿದ್ದಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಚೀಲದಲ್ಲೊಂದು ಸಂಕಲನವಿತ್ತು. ಅದರಲ್ಲಿ ಹೆಸರು ತಿಳಿಯದ ತಮ್ಮನೊಬ್ಬ ತೀರಿಹೋದ ಅಕ್ಕನನ್ನು ನೆನೆದು ಬರೆದ ಪುಟ್ಟ ಶೋಕಲೇಖವಿದೆ. ಗಹನತೆ ಸಾಲದೆಂದು ನಾವು ಅವಿರೋಧವಾಗಿ ತಳ್ಳಿಹಾಕಿದ್ದು ಅದೊಂದನ್ನೇ. ಅದನ್ನು ತೆರೆದು ಅವರ ಮುಂದಿಟ್ಟು, ಅದರಲ್ಲೇನಿದೆ ಎಂದು ತಿಳಿಸಿದೆ. ಶಾಂತಕ್ಕ ಪುಟದ ಮೇಲೆ ಬೆರಳಿಟ್ಟರು.

“ಇದ್ರಾಗ ಅಕ್ಕ ಅನ್ನೂ ಅಕ್ಷರ ಯಾವದ್ರಿ?”

ತೋರಿಸಿದೆ. ಎಡಗಡೆಯ ಭಾಗಕ್ಕೆ ಹೆಣ್ಣು ಎಂದರ್ಥ ಎಂದೆ. ನನ್ನ ವಿವರಣೆ ಅಷ್ಟಕ್ಕೇ ನಿಂತದ್ದು ಅದೇ ಮೊದಲು. ಅವರು ಅರಿವೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು, ಮುಂದೆ ಹಾಸಿದ್ದ ಕರಿ ಬಟ್ಟೆಯ ಮೇಲೆ ನಿಧಾನವಾಗಿ ಆ ಅಕ್ಷರ ಬರೆದರು.

ಅಷ್ಟರಲ್ಲಿ ಗಿರಾಕಿ ಹೆಂಗಸೊಬ್ಬಳು ಅದೇ ಬಟ್ಟೆ ಮುಟ್ಟಿ, “ಇದು ಮೀಟರಿಗೆ ಹೆಂಗ್ರಿ?” ಎಂದಳು.

“ಇದು ಮಾರೂದಲ್ಲವ್ವ,” ಎಂದ ಶಾಂತಕ್ಕ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. “ಮುಂದಿಂದು ಹೇಳ್ರಿ ಸರ.”