ನಾವು ತಿನ್ನದ ಮೂಲಂಗಿ

ಪೂಜಾ, ಸನ್ಮತಿ,

ನಿಪ್ಪಾಣಿಯಲ್ಲಿ ಬಸ್ಸಿಳಿದು ನಾನು ಮಾಡಿದ ಮೊದಲ ಕೆಲಸ ಸೀನಿದ್ದು. ನಿಮ್ಮ ಕಾಕಾ ಚೀಲ ಕೆಳಗಿಟ್ಟು ಬೆನ್ನು ತಟ್ಟಿದರೂ ಸೀನು ನಿಲ್ಲಲಿಲ್ಲ. ಗಾಳಿಯಲ್ಲೇ ತಂಬಾಕಿನ ಘಾಟು ಇತ್ತು. ಓಣಿಯ ಕಟ್ಟೆಯ ಮೇಲೆ ಬೀಡಿ ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸದೆ ನಕ್ಕರು. ಒಬ್ಬಳು "ನವೀನ್ ಆಹೇ" ಅಂದಳು. ಹೊಸಬಳು ಅಂತ ಅರ್ಥ. ಅಲಖನೂರಿನಿಂದ ಇಲ್ಲಿಗೆ ಒಂದು ಹೊತ್ತಿನ ದಾರಿಯೂ ಇಲ್ಲ. ಆದರೂ ಬೇರೆ ದೇಶಕ್ಕೆ ಬಂದ ಹಾಗಾಯಿತು.

ನಿಮ್ಮ ಅಜ್ಜ ಇದ್ದಾಗ ಹೊರಗಿನ ಮಾತೆಲ್ಲ ಅವರದೇ. ನಾನು ಬಾಗಿಲ ಹಿಂದೆ ನಿಂತು ಕೇಳಿದವಳು. ಇಲ್ಲಿ ಕಾಕಾ ಕೆಲಸಕ್ಕೆ, ತ್ರಿಶಲಾ ಕಾಕು ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಹೋದರೆ ಮನೆಯಲ್ಲಿ ನಾನೊಬ್ಬಳೇ. ಕಾಯಿಪಲ್ಯ ಮಾರುವವನು ಮರಾಠಿಯಲ್ಲಿ ಏನೋ ಕೇಳಿದರೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಬೇಡದ ಕಾಯಿಪಲ್ಯ ಮನೆಗೆ ಬರುತ್ತಿತ್ತು. ಊರಲ್ಲಿ ಬಾಗಿಲಿಗೆ ಬಂದು ನಿಂತರೆ ಸಾಕು, ಯಾರಾದರೂ "ಊಟಾತೇನ್ರಿ ಆಯಿ" ಅನ್ನುತ್ತಿದ್ದರು. ಇಲ್ಲಿ ಬಾಗಿಲಲ್ಲಿ ನಿಂತರೆ ಮೋಟರ್‌ಸೈಕಲ್ ಹಾರ್ನ್ ಹೊಡೆಯುತ್ತಿತ್ತು.

ಬಾಡಿಗೆ ಮನೆಯ ಹಿಂದೆ ಒಂದಿಷ್ಟು ಖಾಲಿ ಮಣ್ಣಿತ್ತು. ಇಲ್ಲಿಯವರು ಹಿತ್ತಲಿಗೆ ಪರಸ ಅನ್ನುತ್ತಾರೆ. ಮಣ್ಣು ಕಪ್ಪಗಿತ್ತು. ನಮ್ಮ ಕಬ್ಬಿನ ಹೊಲದ ಎರಿಮಣ್ಣಿನ ಹಾಗೇ ಕಂಡಿತು. ಯಾರನ್ನೂ ಏನೂ ಕೇಳದೆ ಅಗೆದೆ. ಪಕ್ಕದ ಓಣಿಯ ದನದ ಮನೆಯಿಂದ ತಿಪ್ಪೆಗೊಬ್ಬರ ತರಿಸಿ ಹಾಕಿದೆ, ಹೀರೆ, ಬೆಂಡಿ, ಮೆಂತ್ಯ ಹಾಕಿದೆ. ಮನೆಯಲ್ಲಿ ಉಳಿದ ಹುಳಿ ಮಜ್ಜಿಗೆಯನ್ನು ದಿನಾ ಅದಕ್ಕೇ ಸುರಿಯುತ್ತಿದ್ದೆ. ಊರಲ್ಲಾದರೆ ಮಜ್ಜಿಗೆಯ ಜೊತೆ ಒಲೆಯ ಬೂದಿಯೂ ಬೀಳುತ್ತಿತ್ತು. ಇಲ್ಲಿ ಗ್ಯಾಸು, ಬೂದಿ ಎಲ್ಲಿಂದ ಬರಬೇಕು?

ಗೋಡೆಯಾಚೆ ಸುನೀತಾ ಇದ್ದಳು. ಬೀಡಿ ಕಟ್ಟುವವಳು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವವಳು. ಅವಳ ಮಗಳು ಓವಿ ಇನ್ನೂ ಸಾಲಿಗೆ ಹೋಗದ ಕೂಸು. ಒಂದು ದಿನ ಸುನೀತಾ ಗೋಡೆಯ ಮೇಲಿಂದ ಇಣುಕಿ, "ಆಜಿ, ಎಲ್ಲಾ ಹಾಕೀರಿ, ಮುಳಾ ಯಾಕ ಹಾಕಿಲ್ಲ?" ಅಂದಳು. ಆಜಿ ಅಂದರೆ ಅಜ್ಜಿ, ಮುಳಾ ಅಂದರೆ ಮೂಲಂಗಿ.

"ನಾವು ತಿನ್ನಂಗಿಲ್ಲವ್ವಾ."

"ನೀವು ತಿನ್ನಬ್ಯಾಡ್ರಿ, ನಾವ್ ಏನ್ ಪಾಪ ಮಾಡೇವಿ?" ಅಂತ ನಕ್ಕಳು.

ನಿಮಗೆ ಗೊತ್ತು, ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಟಾಟಿ, ಗಜ್ಜರಿ, ಮೂಲಂಗಿ ಯಾವುದೂ ನಮ್ಮ ಅಡುಗೆಮನೆಗೆ ಬರುವುದಿಲ್ಲ. ಬೇರು ಕಿತ್ತರೆ ಅದರ ಜೊತೆ ಮಣ್ಣಿನ ಜೀವಗಳೂ ಹೋಗುತ್ತವೆ ಅಂತ. ಆದರೆ ಈ ಊರಲ್ಲಿ ನನ್ನ ಹತ್ತಿರ ನಿಂತು ನಕ್ಕವಳು ಅವಳೊಬ್ಬಳೇ. ಅವಳಿಗಾಗಿ ಮೂಲಂಗಿ ಬೀಜ ಊರಿದೆ. ಬೆಳೆದ ಮೇಲೆ ನಾನು ಕೀಳಲಿಲ್ಲ. ಅವಳೇ ಓವಿಯನ್ನು ಕರೆದುಕೊಂಡು ಬಂದು ಕಿತ್ತುಕೊಂಡು ಹೋಗುತ್ತಿದ್ದಳು. ಓವಿ ಅಲ್ಲೇ ಕೂತು, ಮಣ್ಣನ್ನು ಲಂಗಕ್ಕೆ ಒರೆಸಿ, ಹಸಿಯಾಗೇ ಕಚ್ಚುತ್ತಿತ್ತು. ನಾನು ನೋಡಿ ಹಿಗ್ಗುತ್ತಿದ್ದೆ. ಮೆಂತ್ಯ ಕೈಗೆ ಬರುವಷ್ಟರಲ್ಲಿ ಚಾತುರ್ಮಾಸ ಹಿಡಿದು, ಸೊಪ್ಪಿನ ತಪ್ಪಲು ಪಲ್ಯವೂ ನಮಗೆ ಬೇಡವಾಯಿತು. ಮೆಂತ್ಯವೂ ಅವರ ಮನೆಗೇ ಹೋಯಿತು. ನಾವು ಹೀರೆ, ಬೆಂಡಿ ಉಂಡೆವು. ಬದಲಿಗೆ ಅವಳು ನನಗೆ ಮರಾಠಿ ಕಲಿಸಿದಳು. ಕಾಯಿಪಲ್ಯದವನ ಹತ್ತಿರ "ನಕೋ" ಅಂದು ಬೇಡದ್ದನ್ನು ಹಿಂದೆ ಕಳಿಸಿದ ದಿನ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ತ್ರಿಶಲಾ ಹುಡುಗರಿಗೆ ಪ್ರಯೋಗ ತೋರಿಸಲು ಹಿತ್ತಲ ಮಣ್ಣನ್ನು ಒಯ್ದಿದ್ದಳು. ಅದರಲ್ಲಿ ಏನೋ ಕಂಡು, ತಾನು ಓದಿದ ಕಾಲೇಜಿಗೆ ಮತ್ತೆ ಪರೀಕ್ಷೆಗೆ ಕಳಿಸಿದಳು. ಉತ್ತರ ಬಂದ ದಿನ ಚಪ್ಪಲಿ ಬಿಡದೆ ಒಳಗೆ ಬಂದಳು.

"ಅತ್ತಿ, ಹಿತ್ತಲದಾಗಿಂದು ಏನೂ ತಿನಬ್ಯಾಡ್ರಿ. ಮಣ್ಣಾಗ ಸೀಸ ಐತಿ."

ನಮಗಿಂತ ಮೊದಲು ಅಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರಂತೆ. ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಅದರಿಂದ ಮಣ್ಣು ಕೆಟ್ಟಿದೆ ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

"ಅಷ್ಟು ಗೊಬ್ಬರ ಹಾಕೇನಲ್ಲ, ಎಲ್ಲಾ ತಿಂದಿರತೈತಿ" ಅಂದೆ. ಸಗಣಿ, ಸತ್ತ ಎಲೆ, ಉಚ್ಛಿಷ್ಟ ಎಲ್ಲವನ್ನೂ ಮಣ್ಣು ಮಾಡುವ ತಿಪ್ಪೆಯನ್ನು ನಾನು ಹುಟ್ಟಿದಾಗಿಂದ ನೋಡಿದ್ದೇನೆ.

ಅವಳು ನನ್ನ ಪಕ್ಕ ಕೂತು ತಿಳಿಸಿ ಹೇಳಿದಳು. ಎಲೆ, ಸಗಣಿ ಕೊಳೆತು ಕಪ್ಪಗಾದ ಸತ್ವಕ್ಕೆ ಹ್ಯೂಮಸ್ ಅನ್ನುತ್ತಾರಂತೆ. ಅದರಲ್ಲಿ ಹ್ಯೂಮಿಕ್ ಆಮ್ಲ ಎಂಬುದಿದೆ. ಅದು ಸೀಸದಂಥ ಲೋಹವನ್ನು ಹಲವು ಕೈಗಳಿಂದ ಹಿಡಿದ ಹಾಗೆ ಹಿಡಿಯುತ್ತದೆ. ಆದರೆ ತಿನ್ನುವುದಿಲ್ಲ. ಎಲೆ ಕೊಳೆಯುತ್ತದೆ, ಲೋಹ ಕೊಳೆಯುವುದಿಲ್ಲ. ಆ ಸತ್ವದಲ್ಲಿ ದೊಡ್ಡ ಕಣಗಳು ಸೀಸವನ್ನು ಹಿಡಿದು ಮಣ್ಣಲ್ಲೇ ಕೂಡುತ್ತವೆ. ಸಣ್ಣವು ನೀರಲ್ಲಿ ಕರಗಿ, ಹಿಡಿದದ್ದನ್ನು ಹೊತ್ತುಕೊಂಡೇ ಹರಿಯುತ್ತವೆ. ಮಣ್ಣು ಹುಳಿಯಾದರೆ ಹಿಡಿತ ಸಡಿಲವಾಗುತ್ತದೆ. ಬೂದಿ, ಸುಣ್ಣ ಬಿದ್ದರೆ ಬಿಗಿಯಾಗುತ್ತದೆ.

"ಮಜ್ಜಿಗಿ?" ಅಂದೆ.

"ನಿಮ್ಮ ಮಜ್ಜಿಗಿ ಎಷ್ಟರದು ಬಿಡ್ರಿ ಅತ್ತಿ. ಆದ್ರ ಒಳ್ಳೇದಂತೂ ಮಾಡಿಲ್ಲ." ಆಮೇಲೆ ಹೇಳಿದಳು: ಗಿಡಬಳ್ಳಿಯ ಕಾಯಿಗೆ ಸೀಸ ಏರುವುದು ಕಡಿಮೆ. ಬೇರಿಗೆ, ತಪ್ಪಲಿಗೆ ಹೆಚ್ಚು. ಅಂಟಿದ ಮಣ್ಣಂತೂ ಸೀಸವೇ. ದೊಡ್ಡವರಿಗಿಂತ ಸಣ್ಣ ಮಕ್ಕಳಿಗೆ ಅದು ಕೆಟ್ಟದ್ದು, ತಲೆಗೆ ಹತ್ತುತ್ತದೆ.

ನಮ್ಮ ನೇಮ ನಮ್ಮ ಮನೆಯನ್ನು ಕಾಯ್ದಿತ್ತು. ಅದೇ ನೇಮದಿಂದ ಉಳಿದದ್ದನ್ನೆಲ್ಲ ನಾನು ಗೋಡೆಯಾಚೆ ದಾಟಿಸಿದ್ದೆ.

ತ್ರಿಶಲಾ "ನಾ ಹೇಳತೇನಿ" ಅಂದಳು. ಬೇಡ ಅಂದೆ. ಬೇಡ ಅಂದ ಮೇಲೂ ಅವತ್ತು ಹೋಗಲಿಲ್ಲ. ಗೋಡೆಯಾಚೆ ಸುನೀತಾಳ ದನಿ ಕೇಳಿದರೆ ಒಳಗೆ ಹೋಗುತ್ತಿದ್ದೆ. ಅವಳನ್ನು ಕಳೆದುಕೊಂಡರೆ ಈ ಊರಲ್ಲಿ ನನಗೆ ಯಾರಿದ್ದಾರೆ ಅನ್ನಿಸುತ್ತಿತ್ತು. ಮರುದಿನ ಮುಂಜಾನೆ ಓವಿ ಮೂಲಂಗಿಗೆ ಅಂತ ಹಿತ್ತಲ ಬಾಗಿಲು ಬಡಿಯಿತು. ಆ ಕೂಸಿನ ಕೈ ಹಿಡಿದುಕೊಂಡೇ ಅವರ ಮನೆಗೆ ಹೋದೆ. ಸೀಸಕ್ಕೆ ಮರಾಠಿಯಲ್ಲಿ ಶಿಸೆ ಅನ್ನುತ್ತಾರೆ ಅಂತ ತ್ರಿಶಲಾಳಿಂದ ಕೇಳಿಕೊಂಡಿದ್ದೆ.

ಬೀಡಿ ಕಟ್ಟುತ್ತಲೇ ಕೇಳಿಸಿಕೊಂಡ ಸುನೀತಾ ಮೊದಲು ನಗೆಯಾಡಿದಳು. "ತಂಬಾಕಿನ ಧೂಳಾಗ ಬೆಳದ ಪೋರಿ ರೀ ಇದು. ಮುಳಾ ಏನ್ ಮಾಡತೈತಿ?"

ನಾನು ನಗಲಿಲ್ಲ. ಅವಳ ಕೈ ನಿಂತಿತು. ಕೇಳಿದಳು, "ನಿಮ್ಮ ಮನ್ಯಾಗ ಯಾರ್ಯಾರ ತಿಂದೀರಿ?"

"ಬೆಂಡಿ, ಹೀರಿ ತಿಂದೇವಿ. ಮೂಲಂಗಿ, ಮೆಂತ್ಯೆ ಯಾರೂ ಇಲ್ಲ."

"ನಿಮಗ ಪಾಪ ಆಗೂದು, ನಮ್ಮ ಲೇಕರಿಗ ನಡೀತೈತಿ, ಹೌದಲ್ರಿ?" ಲೇಕರು ಅಂದರೆ ಕೂಸು.

ಗೊತ್ತಿರಲಿಲ್ಲ ಅನ್ನುವ ಮಾತು ನಾಲಿಗೆಯ ಮೇಲೆ ಬಂತು. ಅದು ನಿಜವೂ ಆಗಿತ್ತು. ಅದನ್ನು ಬಿಟ್ಟು, ಕೂಸಿನ ರಕ್ತ ತೋರಿಸಬೇಕಂತೆ, ಅಂತಷ್ಟೇ ಅಂದೆ.

ಓವಿಯ ರಕ್ತ ಪರೀಕ್ಷೆಗೆ ಹೋಯಿತು. ಸೀಸ ಇತ್ತು. ಮಲಗಿಸಿ ಔಷಧ ಕೊಡುವಷ್ಟಲ್ಲ, ಸುಮ್ಮನಿರುವಷ್ಟೂ ಅಲ್ಲ. ಆ ಮಣ್ಣಿನ ಹತ್ತಿರ ಬಿಡಬೇಡಿ, ಹೊಟ್ಟೆ ತುಂಬ ಊಟ, ಹಾಲು ಕೊಡಿ, ಕೆಲವು ದಿನ ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು. ಸೀಸ ಆ ಹಿತ್ತಲಿನಿಂದಲೇ ಬಂತೋ ಬೇರೆ ಕಡೆಯಿಂದಲೋ ಹೇಳಲಾಗದು ಅಂತಲೂ ಅಂದರಂತೆ. ಆ ಮಾತನ್ನು ತ್ರಿಶಲಾಳ ಬಾಯಲ್ಲಿ ಕೇಳಿ ನನಗೆ ಒಂದು ಗಳಿಗೆ ಹಗುರಾಯಿತು. ಹಗುರಾದದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಹಿತ್ತಲಿಗೆ ಸುಣ್ಣ, ಮಾಗಿದ ಗೊಬ್ಬರ ಹಾಕಿ ಮೇಲೆ ಫರಸಿ ಕಲ್ಲು ಹಾಸಿದೆವು. ಸೀಸ ಕೆಳಗೇ ಇದೆ. ಇನ್ನು ಗೊಬ್ಬರ ಅದನ್ನು ಅಲ್ಲೇ ಹಿಡಿದು ಕೂಡಬೇಕು, ಅಷ್ಟೇ.

ನಿಮ್ಮ ಅಪ್ಪ ಫೋನಿನಲ್ಲಿ "ಅವ್ವಾ, ಸಾಕ್ ಬಾ, ಊರಿಗೆ ಬಂದ್ಬಿಡು" ಅಂದ. ಚೀಲ ಕಟ್ಟಿದ್ದು ನಿಜ. ಆ ದಿನವೇ ಗೋಡೆಯಾಚೆಯಿಂದ, ಬಹಳ ದಿನಗಳ ಮೇಲೆ, ಸುನೀತಾ ಕರೆದಳು. "ನಾಳೆ ಪೋರೀದು ರಕ್ತ ತಗಿತಾರ. ನಾ ಒಬ್ಬಾಕಿನ ಅದೀನಿ. ಇದು ಒದರತೈತಿ. ಬರ್ತೀರಿ?"

ಹೋದೆ. ಓವಿಯನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ಸೂಜಿ ಚುಚ್ಚುವಾಗ ಅದು ನನ್ನ ಸೆರಗು ಕಚ್ಚಿತು. ನರ್ಸು ನನ್ನ ಕಡೆ ನೋಡಿ, "ಇವ್ರು ಯಾರ್ರಿ, ಅಜ್ಜೀನಾ?" ಅಂತ ಕೇಳಿದಳು.

ಸುನೀತಾ ಓವಿಯ ಕಣ್ಣು ಒರೆಸಿದಳು. ಆಮೇಲೆ "ನಮ್ಮ ಗಲ್ಲಿಯವ್ರು" ಅಂದಳು.

ಈ ಸಲ ಸೀಸ ಇಳಿದಿದೆ. ಪೂರ್ತಿ ಇಳಿದಿಲ್ಲ, ಮತ್ತೊಮ್ಮೆ ನೋಡಬೇಕು. ಅದಕ್ಕೇ ದೀಪಾವಳಿಗೆ ನಾನು ಅಲಖನೂರಿಗೆ ಬರುವುದಿಲ್ಲ ಮಕ್ಕಳೇ. ನಿಮ್ಮ ಪಾಲಿಗೆ ನಾನು ನಿಪ್ಪಾಣಿಗೆ ಹೋದ ಆಯಿ. ಇಲ್ಲಿ ನಾನು ಆಜಿಯಾಗಿದ್ದೆ, ಈಗ ಗಲ್ಲಿಯವಳು. ಅದನ್ನೂ ಅವಳು ಅನ್ನದೇ ಇರಬಹುದಿತ್ತು.