ಕರೀ ಅಪ್ಪಂದಿರ ಸಾಲು

ಪರದೇಶದಾಗ, ಥಾರ್ನ್‌ಹಿಲ್ ಅನ್ನೂ ಊರಾಗ, ನನ್ನ ಮಗನ ಮನೀ ಬಾಗಿಲಾ ಎಲ್ಲಾ ಹಾಲಿನಂಗ ಬಿಳೇವು. ಮೊನ್ನೆ ಹಿತ್ತಲದಾಗ ಬಾರ್ಬೆಕ್ಯೂ ಒಲಿಗೆ ಇದ್ದಲಿ ಸುರುವಿ, ಕೈ ತೊಳಕೊಳ್ಳದನ ಒಳಗ ಬಂದೆ ನೋಡ್ರಿ. ಬಾಗಿಲ ಮ್ಯಾಲ ಐದೂ ಬೆರಳು ಚಂದಂಗ ಮೂಡಿದ್ವು.

"ಮಾಮಾ, ಹೋದ ವಾರ ಪೇಂಟ್ ಮಾಡ್ಸೇವಿ!" ಅಂತ ಸೊಸಿ ಹಣಿ ಬಡಕೊಂಡ್ಲು.

"ಸಹಿ ಹಾಕೇನವ್ವಾ. ಮುಂದ ಈ ಮನಿ ಮ್ಯೂಸಿಯಂ ಆದ್ರ ಬೇಕಾಗ್ತದ" ಅಂದೆ. ಅಕಿ ನಗಲಿಲ್ಲ. ನನ್ನ ಜೋಕಿಗೆ ನಗದೇ ಇರೂದು ಅಕಿ ಕಷ್ಟಪಟ್ಟು ಕಲ್ತ ವಿದ್ಯಾ.

ಆದ್ರ ಮೊಮ್ಮಗಳು ಮೇಘಾ, ಐದನೇ ಗ್ರೇಡಿನಾಕಿ, ಮಾರಿ ಗಂಭೀರ ಮಾಡ್ಕೊಂಡು "ಅಜ್ಜಾ, ಕೋಲ್ ಈಸ್ ಬ್ಯಾಡ್" ಅಂದ್ಲು. ಸಾಲ್ಯಾಗ ತಮ್ಮ ಮನೆತನದ ಬಗ್ಗೆ ಹೇಳಬೇಕಾಗಿತ್ತಂತ. ಚಾರ್ಟಿನ ಮ್ಯಾಲ ಅಪ್ಪ ಬ್ಯಾಂಕಿನಾಗ, ಅಮ್ಮ ಫಾರ್ಮಸಿಯಾಗ, ನಾನು ರೈಲ್ವೆಯ ಗಾರ್ಡು, ಎಲ್ಲಾರೂ ಅಂಟಿದ್ವಿ. ನಮ್ಮಪ್ಪನ ಜಾಗಾ ಮಾತ್ರ ಖಾಲಿ. "ಮುತ್ತಜ್ಜನ್ನ ಸ್ಕಿಪ್ ಮಾಡ್ತೀನಿ. ಕೋಲ್ ಮೈನ್ ಅಂದ್ರ ಎಲ್ಲಾರೂ ಲಾಫ್ ಮಾಡ್ತಾರ."

ನನ್ನ ನೋಡಿ ಯಾರು ನಕ್ರೂ ನನಗ ಹಬ್ಬ, ಅದಕ್ಕಂತನ ಹುಟ್ಟೇನಿ. ಆದ್ರ ನಮ್ಮಪ್ಪನ್ನ ಬಿಟ್ಟು ನಮ್ಮ ಮನೆತನ ಅಂತ ಒಂದು ಚಾರ್ಟ್ ಸಾಲ್ಯಾಗ ನಿಂದರೂದು ನನಗ ಸೇರಲಿಲ್ಲ. ಅಕಿನ್ನ ಅಡಿಗಿಮನಿ ಸ್ಟೂಲಿನ ಮ್ಯಾಲ ಕುಂದರ್ಸಿ ಕಥಿ ಚಾಲೂ ಮಾಡಿದೆ.

ನಾ ಬೆಳದದ್ದು ತೆಲುಗು ಸೀಮಿಯ ಬೆಳ್ಳಂಪಲ್ಲಿಯೊಳಗ. ಗದಗ ಕಡೆಯಿಂದ ಹೋದ ನಮ್ಮಪ್ಪ ಅಲ್ಲಿ ಕಲ್ಲಿದ್ದಲ ಗಣಿಗೆ ಇಳೀತಿದ್ದ. ಆ ಊರಾಗ ಹಗ್ಗದ ಮ್ಯಾಲಿನ ಅರಿವಿ ಒಗದದ್ದೋ ಒಗೀಬೇಕಾದದ್ದೋ ಅನ್ನೂದು ನಮ್ಮವ್ವಗ ಮಾತ್ರ ಗೊತ್ತಿತ್ತು. ಸಂಜೀಕ ಮನಿ ಮನಿ ಮುಂದ ಇದ್ದಲಿ ಶೇಗಡಿ ಹೊಗಿ ಉಗುಳ್ತಿದ್ವು, ಹೊಗಿ ಪೂರಾ ನಿಂತಮ್ಯಾಲನ ಅವನ್ನ ಒಳಗ ಒಯ್ಯೂದು. ಅಷ್ಟೊತ್ತಿಗೆ ಶಿಫ್ಟ್ ಮುಗಿದ ಭೋಂಗಾ ಕೂಗ್ತಿತ್ತು, ನಾವು ಹುಡುಗುರೆಲ್ಲಾ ಗಣಿ ಗೇಟಿಗೆ ಓಡ್ತಿದ್ವಿ. ಗೇಟಿನಿಂದ ಸಾಲಾಗಿ ಬರಾವ್ರು ಎಲ್ಲಾರೂ ಒಂದ ನಮೂನಿ: ಕರೀ ಮಾರಿ, ಕರೀ ಅಂಗಿ, ಹೊಳಿಯೂದು ಕಣ್ಣು ಹಲ್ಲು ಅಷ್ಟ. ಆ ಸಾಲಿನಾಗ ತಮ್ಮ ತಮ್ಮ ಅಪ್ಪನ್ನ ಹುಡಿಕಿ ಕೈ ಹಿಡಕೊಂಡು ಮನೀಗೆ ಕರ್ಕೊಂಡು ಬರೂದು ನಮ್ಮ ಕಾಲನಿ ಪದ್ಧತಿ.

ನಾ ಶ್ಯಾಣ್ಯಾ. ನಮ್ಮಪ್ಪನ ನಡಿಗಿ ದೂರದಿಂದನ ಗುರ್ತು ಹಿಡೀತಿದ್ದೆ, ಹಿಡಿದು ಬೇಕಂತನ ಬ್ಯಾರೇದಾವ್ರನ್ನ "ಅಪ್ಪಾ" ಅಂತ ಅಪ್ಕೊಂತಿದ್ದೆ. ಅವ್ರೂ ನಕ್ಕೋತ ಡಬ್ಬಿಯೊಳಗ ಉಳಿದ ಶೇಂಗಾ, ಬೆಲ್ಲ ಕೊಡ್ತಿದ್ರು. ಹಿಂಗ ಎಷ್ಟೋ ಮಂದಿಗೆ ಮಗನಾಗಿ, ಕಡೀಕ ನಮ್ಮಪ್ಪನ ಹಂತ್ಯಾಕ ಹೋಗೂದು.

ಒಂದಿನ ದೊಡ್ಡ ಕೆಂಪು ಟವೆಲ್ ಹೆಗಲಿಗೆ ಹಾಕ್ಕೊಂಡು ಕುಂಟಕೋತ ಬರೂ ಒಬ್ಬಾಂವನ್ನ ಆರ್ಸಿದೆ. ಕೈ ಹಿಡಕೊಂಡು "ಅಪ್ಪಾ, ಅವ್ವ ಬೈತಾಳ, ಲಗೂ ನಡಿ" ಅಂದೆ. ಅಂವ ನನ್ನ ಕೈ ಗಟ್ಟಿ ಹಿಡಕೊಂಡು ಅಲ್ಲೇ ನಿಂತ. ಸಾಲು ಕರಗ್ತಾ ಬಂತು. ನಮ್ಮಪ್ಪ ಕಾಣವಲ್ಲ. ಕಟ್ಟಕಡೀ ಮನುಷ್ಯಾನೂ ದಾಟಿ ಹೋದ. ಗಣಿಯೊಳಗ ಇಳಿದಾವ್ರು ಒಮ್ಮೊಮ್ಮೆ ಮ್ಯಾಲ ಬರೂದಿಲ್ಲ ಅನ್ನೂದು ನಮ್ಮೂರ ಕೂಸಿಗೂ ಗೊತ್ತಿತ್ತು. ನಾ ಬಾಯಿ ತಗದು ಅಳಾಕ ಹತ್ತಿದೆ.

ಆಗ ಕೈ ಹಿಡದಾಂವ ಬಗ್ಗಿ ಅಂದ: "ಯಾಕಲೇ, ಇವತ್ತ ಖರೇನ ಅಪ್ಪ ಸಿಕ್ಕ ಅಂತ ಅಳಾಕತ್ತಿಯೇನು?"

ನೋಡ್ರಿ ಅಂವನ ಆಟ! ಗೆಳೆಯಾನ ಟವೆಲ್ ಹೊತ್ಕೊಂಡು, ಸುಳ್ಳ ಕುಂಟಿ, ನನಗ ಟೋಪಿ ಹಾಕಿದ ಭೂಮಿ ಮ್ಯಾಲಿನ ಒಬ್ಬನ ಒಬ್ಬ ಮನುಷ್ಯಾ ನಮ್ಮಪ್ಪ. ಅವತ್ತ ಅಂವನ್ನ ಅಪ್ಕೊಂಡಿದ್ದಕ್ಕ ನನ್ನ ಸಾಲೀ ಅಂಗಿ ಎಷ್ಟು ಕಪ್ಪಾಯ್ತಂದ್ರ, ಅವ್ವ ಅದನ್ನ ಒಗಿಯೂದು ಬಿಟ್ಟು ನನ್ನನ್ನ ಒಗದ್ಲು.

ಇದ್ದಲಿ ಆಕಾಶ ಕೆಡಿಸೇದ, ಮೇಘಾ ಹೇಳೂದು ಖರೇ ಅದ, ನಾ ವಾದಾ ಮಾಡಾಂಗಿಲ್ಲ. ಆದ್ರ ಆ ಇದ್ದಲಿಂದನ ರೈಲು ಓಡ್ಯಾವ, ದೀಪಾ ಹತ್ಯಾವ, ಆ ದೀಪದ ಬುಡಕ ಕುಂತು ನಾ ಮಗ್ಗಿ ತಪ್ಪು ತಪ್ಪು ಹೇಳೇನಿ. ಬೆಳಕು ಎಲ್ಲಾರೂ ತೊಗೊಂಡು, ಮಸಿ ಮಾತ್ರ ನಮ್ಮಪ್ಪನ ಮಾರಿಗೆ ಬಿಟ್ರ ಹೆಂಗ್ರಿ?

ಕಥಿ ಕೇಳಿ ಮೇಘಾ ಸ್ಟೂಲಿನಿಂದ ಇಳಿದು ತನ್ನ ಖೋಲಿಗೆ ಹೋದ್ಲು.

ಶುಕ್ರವಾರ ಸಾಲಿಗೆ ನಾನೂ ಸೊಸೀನೂ ಹೋಗಿ ಹಿಂದ ಕುಂತ್ವಿ. ಚಾರ್ಟಿನ್ಯಾಗ ಖಾಲಿ ಇದ್ದ ಜಾಗಾದಾಗ ಕರೀ ಕಾಗದದ ಗೊಂಬಿಗೋಳು, ಸಾಲಾಗಿ! "ಇದ್ರಾಗ ನಮ್ಮ ಮುತ್ತಜ್ಜ ಯಾರು?" ಅಂತ ಮೇಘಾ ಕೇಳಿದ್ಲು, ಇಂಗ್ಲಿಷಿನ್ಯಾಗ. ಹುಡುಗುರು ಅದು ಇದು ಅಂತ ಒದರಿದ್ರು, ನಕ್ರು. ಆದ್ರ ಮೇಘಾ ಅವರಕಿಂತ ಜೋರಾಗಿ ನಕ್ಕು ಟವೆಲಿನ ಕಥಿ ಪೂರಾ ಹೇಳಿದ್ಲು, ನನ್ನ ಅಳು ಸಮೇತ.

ಕಥಿ ಮುಗಿದಮ್ಯಾಲ ಕಿಡಕಿ ಹಂತ್ಯಾಕ ಕುಂತ ಹುಡುಗಿ ಕೈ ಎತ್ತಿದ್ಲು. "ನಮ್ಮಪ್ಪ ಬಿಳೀ ಆಗಿ ಬರ್ತಾನ. ಗ್ವಾಡಿಗೆ ಜಿಪ್ಸಮ್ ಹಲಗಿ ಕೂಡ್ಸೂ ಡ್ರೈವಾಲ್ ಕೆಲಸ. ಕೂದಲಾ, ಹುಬ್ಬು, ಎಲ್ಲಾ ಬಿಳೀ ಪುಡಿ. ನಾ ಹಂತ್ಯಾಕ ಹೋಗೂದಿಲ್ಲ."

"ಹೋಗು," ಅಂದ್ಲು ನನ್ನ ಮೊಮ್ಮಗಳು. "ಜಾಕೆಟ್ ಹೊಲಸಾಗ್ತದ. ಅಷ್ಟ."

ನನಗ ತಡೀಲಿಲ್ಲ, ಎರಡು ಬೆರಳು ಬಾಯಾಗ ಇಟ್ಟು ಜೋರ್ ಸೀಟಿ ಹೊಡದೆ. ಟೀಚರ್ ಕಣ್ಣು ದೊಡ್ಡದು ಮಾಡಿ ಯಾರಂತ ನೋಡಿದ್ರು. ನಾ ಮಾರಿ ಸಣ್ಣದು ಮಾಡ್ಕೊಂಡು, ಬಾಜೂಕ ಕುಂತ ಸೊಸೀನ್ನ ತೋರ್ಸಿದೆ.