ಕುರಿರೊಪ್ಪದೊಳಗಿಂದ ತೆಗೆದ ಫೋಟೊ

ಕಳೆದ ಭಾನುವಾರ ನಾನು ಹಿಮ್ಮುಖವಾಗಿ ನಡೆಯುತ್ತಾ ಹೋಗಿ ಒಂದು ಕುರಿರೊಪ್ಪದೊಳಗೆ ನಿಂತೆ. ಕುಡಿದಿರಲಿಲ್ಲ. ಹೊಸ ಲೆನ್ಸ್ ತಂದಿದ್ದೆ, ಅಷ್ಟೇ.

ಆನ್‌ಲೈನ್‌ನಲ್ಲಿ ತರಿಸಿದ, ದೂರದ್ದನ್ನು ಹತ್ತಿರಕ್ಕೆ ತರುವ ಉದ್ದನೆಯ ಜೂಮ್ ಲೆನ್ಸ್. ರಿವ್ಯೂ ಓದಿದೆ, ವಿಡಿಯೊ ನೋಡಿದೆ, ಸ್ಟಾರ್ ಎಣಿಸಿದೆ. ಕೈಯಲ್ಲಿ ಹಿಡಿದು ನೋಡುವುದೊಂದು ಬಿಟ್ಟು ಎಲ್ಲ ಮಾಡಿದೆ. (ಚಪ್ಪಲಿ ಕೊಳ್ಳುವಾಗ ಅಂಗಡಿ ತುಂಬ ಓಡಾಡಿ ನೋಡುವ ಮನುಷ್ಯ ನಾನು.)

ಅದರ ಪ್ರತಾಪ ಮೊದಲು ಕಂಡವರು ರಂಗಜ್ಜ ಮತ್ತು ಅವರ ಹೆಂಡತಿ ಕೆಂಚಜ್ಜಿ. ಹೊಸದುರ್ಗದ ಪಕ್ಕದ ಹಳ್ಳಿಯ ಕುರಿಗಾಹಿಗಳು, ವರ್ಷಾ ವರ್ಷಾ ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುವವರು. ಮದುವೆಯಾಗಿ ಐವತ್ತು ವರ್ಷವಾದರೂ ಇಬ್ಬರೂ ಜೊತೆಗಿರುವ ಒಂದೇ ಒಂದು ಫೋಟೊ ಇಲ್ಲ. ಮರುದಿನ ಬೆಳಿಗ್ಗೆ ಅಜ್ಜ ಮಂದೆ ಹೊಡೆದುಕೊಂಡು ಹೊರಟರೆ ಮರಳುವುದು ನಾಲ್ಕು ತಿಂಗಳ ಮೇಲೆ.

"ಅಷ್ಟ್ರಾಗೆ ಒಂದು ಫೋಟ ತೆಗ್ದು ಕೊಡಪ್ಪ, ಗ್ವಾಡಿಗೆ ಹಾಕ್ತೀನಿ. ಫೋನಿಂದು ಬ್ಯಾಡ" ಎಂದಿದ್ದರು ಅಜ್ಜಿ. ಆ ವಯಸ್ಸಿನಲ್ಲಿ ನಾಲ್ಕು ತಿಂಗಳು ಸಣ್ಣದೇ? ಅದಕ್ಕೇ ಕ್ಯಾಮೆರಾ ಹಿಡಿದು ಅವರ ಮನೆಗೆ ಓಡಿದೆ.

ಇಬ್ಬರೂ ಬಾಗಿಲ ಮುಂದೆ ಕುಳಿತರು. ಕ್ಯಾಮೆರಾ ಕಣ್ಣಿಗಿಟ್ಟರೆ ಅಜ್ಜಿಯ ಮೂಗುತಿ ಮಾತ್ರ ಕಂಡಿತು, ಅದೂ ಮಸುಕಾಗಿ. ಹಿಂದೆ ಸರಿದೆ. ಅಜ್ಜಿ ಬಂದರು, ಅಜ್ಜ ಇಲ್ಲ. ಇನ್ನೂ ಸರಿದೆ. ಅಜ್ಜನ ಒಂದು ಕಿವಿ ಸಿಕ್ಕಿತು. ಹಳೆಯ ಚಿಕ್ಕ ಲೆನ್ಸನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ (ಹೊಸದರ ಜಂಬ). ಓಣಿ ಮುಗಿದು ಎದುರಿನ ಕುರಿರೊಪ್ಪ ಶುರುವಾಯಿತು.

"ಇನ್ನೂ ಹಿಂದಕ್ಕೋದ್ರೆ ಹೊಳಲ್ಕೆರೆ ಬತ್ತೈತೆ ಕಣಪ್ಪ" ಎಂದರು ಅಜ್ಜಿ.

ನೋಡದೆ ತರಿಸಿದ್ದೇ ತಪ್ಪಾಯಿತು ಎಂದು ಅಲ್ಲಿಂದಲೇ ಒಪ್ಪಿಕೊಂಡೆ. ಅಜ್ಜನಿಗೆ ನಂಬಲಾಗಲಿಲ್ಲ.

"ಒಂದು ಟಗರು ತರಬೇಕಂದ್ರೂ ನಾವು ಹಲ್ಲು ನೋಡ್ತೀವಿ, ಬೆನ್ನು ಮುಟ್ತೀವಿ, ನಾಕು ಹೆಜ್ಜೆ ನಡ್ಸಿ ನೋಡ್ತೀವಿ. ಓದ್ದೋನು ನೀನು, ಮುಟ್ಟಿ ನೋಡ್ದೆ ತಂದ್ಯಾ?"

"ಸಾಕು ಸುಮ್ಕಿರು" ಎಂದು ಅಜ್ಜಿ ಅವರ ಕಡೆ ತಿರುಗಿದರು. "ನನ್ನ ಮಖ ನೋಡಿ ಮದ್ವೆಗೆ ಒಪ್ಕಂಡಿದ್ಯೇನು? ನಾನೂ ನಿನ್ನ ನೋಡಿರ್ಲಿಲ್ಲ ಬಿಡು."

ಅಜ್ಜ ತಲೆ ತಗ್ಗಿಸಿ ನಕ್ಕರು. ಅಜ್ಜಿ ಅವರನ್ನು ನೋಡಿ ನಕ್ಕರು. ರೊಪ್ಪದ ಕೊನೆಯ ಮೂಲೆಯಲ್ಲಿ, ಕುರಿಯೊಂದು ನನ್ನ ಬ್ಯಾಗಿನ ಪಟ್ಟಿ ಮೆಲ್ಲುತ್ತಿರುವಾಗ, ಕ್ಲಿಕ್ ಮಾಡಿದೆ. ಇಬ್ಬರೂ ಪೂರ್ತಿ ಬಂದಿದ್ದರು. ಖುಷಿಗೆ ನನ್ನ ಕಣ್ಣು ಒದ್ದೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಂಜೆಯೊಳಗೆ ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ತಲುಪಿಸಿದೆ. ಅಜ್ಜ ಅದನ್ನು ಬೆಳಕಿಗೆ ಹಿಡಿದರು, ಹಿಂದುಮುಂದು ತಿರುಗಿಸಿದರು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಅಜ್ಜಿಯ ಕೈಗೆ ಕೊಟ್ಟು, ಮೆಲ್ಲಗೆ ನನ್ನ ಹತ್ತಿರ ಬಂದು ಕೇಳಿದರು: "ಸಣ್ಣದೊಂದು ಐತೇನಪ್ಪ, ಜೇಬಿಗೆ?"

ನೀವು ಮಾತ್ರ ಹೀಗೆ ಮಾಡಬೇಡಿ. ಅಂಗಡಿಗೆ ಹೋಗಿ, ನಿಮ್ಮ ಕ್ಯಾಮೆರಾಗೇ ಹಾಕಿಸಿ, ನಡುಮನೆಯಷ್ಟು ದೂರದಲ್ಲಿ ಇಬ್ಬರನ್ನು ನಿಲ್ಲಿಸಿ ನೋಡಿಯೇ ಲೆನ್ಸ್ ಕೊಳ್ಳಿ.

ನನ್ನದನ್ನು ರಿಟರ್ನ್ ಮಾಡಲು ಇನ್ನೂ ಎರಡು ದಿನ ಇದೆ. ಕಳಿಸಿಬಿಡಿ ಅನ್ನುತ್ತಾರೆ ಮನೆಯವರು. ಆದರೆ ನೋಡದೆ ಒಪ್ಪಿಕೊಂಡದ್ದನ್ನೆಲ್ಲ ವಾಪಸ್ ಕಳಿಸುವುದಾಗಿದ್ದರೆ, ಆ ಫೋಟೊದಲ್ಲಿ ರಂಗಜ್ಜನ ಪಕ್ಕ ಯಾರಿರುತ್ತಿದ್ದರು?